ಹಬ್ಬವಿಲ್ಲದ ವರ್ಷದ ಚಳಿಗಾಲ

ಈ ಸಲ ಸಂಕ್ರಾಂತಿಗೆ ನಮ್ಮ ಮನೆಯ ಸಕ್ಕರೆ ಅಚ್ಚಿನ ಮಣೆಗಳು ಅಟ್ಟದಿಂದ ಕೆಳಗಿಳಿಯಲೇ ಇಲ್ಲ.

ಇದೇನು ಮಹಾ ಸಂಗತಿ ಎಂದು ನಿಮಗನ್ನಿಸಬಹುದು. ನನ್ನಂಥವಳಿಗೆ ಮಾತ್ರ ಅದು ಮಹಾ ಸಂಗತಿಯೇ. ಡಿಸೆಂಬರ್ ನಡುವಿನಿಂದಲೇ ನನ್ನ ಕೈ ಸುಮ್ಮನಿರುವುದಿಲ್ಲ. ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು ಸಣ್ಣಗೆ, ಒಂದೇ ಅಳತೆಗೆ ಹೆಚ್ಚಬೇಕು. ಅಚ್ಚುಬೆಲ್ಲವನ್ನು ಅಡಕೆ ಕತ್ತರಿಯಲ್ಲಿ ಚೂರು ಮಾಡಿ ಮಹಡಿಯ ಮೇಲೆ ಬಿಸಿಲಿಗೆ ಹರಡಬೇಕು. ಕಡಲೆಕಾಯಿ ಬೀಜ ಹುರಿದು ಹೊಟ್ಟು ತೂರಬೇಕು. ಆಮೇಲೆ ಸಕ್ಕರೆ ಅಚ್ಚು. ಮರದ ಮಣೆಗಳನ್ನು ನೀರಿನಲ್ಲಿ ನೆನೆಹಾಕಿ, ಜೋಡಿಸಿ, ದಾರ ಬಿಗಿದು, ಪಾಕಕ್ಕೆ ಹಾಲು ಬಿಟ್ಟು ಕೊಳೆ ತೆಗೆದು, ಬಿಳಿ ಬಟ್ಟೆಯಲ್ಲಿ ಸೋಸಿ, ಮತ್ತೆ ಸ್ವಲ್ಪ ಸ್ವಲ್ಪವೇ ಕಾಯಿಸಿ ತಿರುವಿ, ಅದು ಬೆಳ್ಳಗಾಗುವ ಗಳಿಗೆಗೆ ಸರಿಯಾಗಿ ಮಣೆಗೆ ಹುಯ್ಯಬೇಕು. ಸ್ವಲ್ಪ ತಡವಾಯಿತೋ, ಬಟ್ಟಲಲ್ಲೇ ಕಲ್ಲು! ಆತುರವಾಯಿತೋ, ಗಿಳಿಯ ಕೊಕ್ಕು ಮಣೆಯಲ್ಲೇ ಉಳಿದು ಕೊಕ್ಕಿಲ್ಲದ ಗಿಳಿ ಹೊರಗೆ ಬರುತ್ತದೆ. ಅಂಥ ಗಿಳಿಗಳನ್ನು ತಿನ್ನುವುದಕ್ಕೇ ನಮ್ಮ ಮನೆಯಲ್ಲಿ ಒಬ್ಬರಿದ್ದರು. ನಮ್ಮತ್ತೆ.

2025ರ ಮಾರ್ಚಿಯಲ್ಲಿ, ಫಾಲ್ಗುಣ ಮಾಸದಲ್ಲಿ, ಅವರು ಹೋದರು. ಹಿರಿಯರು ಹೋದ ಮನೆಯಲ್ಲಿ ವರ್ಷದ ತಿಥಿ ಆಗುವವರೆಗೆ ಹಬ್ಬ ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಯುಗಾದಿ ಹೋಯಿತು, ಗೌರಿ ಹಬ್ಬ ಹೋಯಿತು, ದೀಪಾವಳಿ ಹೋಯಿತು. ಆಗೆಲ್ಲ ಒಂದು ರೀತಿ ನಡೆದುಹೋಯಿತು. ದುಃಖವೂ ಹಸಿಯಾಗಿತ್ತು, ಕಾಗದಪತ್ರದ ಓಡಾಟವೂ ಇತ್ತು. ಕಷ್ಟವಾದದ್ದು ಈ ಚಳಿಗಾಲ. ‘ಹಬ್ಬ ಇಲ್ಲ ಅಂದ್ರೆ ಕೆಲ್ಸಾನೂ ಕಡ್ಮೆ, ಈ ವರ್ಷ ಆರಾಮ ಬಿಡಿ ನೀವು’ ಎಂದರು ಎದುರು ಮನೆಯವರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಆ ಆರಾಮವನ್ನು ಕೈಯಲ್ಲಿ ಹಿಡಿದು ಕೂತಾಗ ನನಗೊಂದು ವಿಷಯ ಹೊಳೆಯಿತು. ಇಷ್ಟು ವರ್ಷ ನಾನು ಖುಷಿಯಿಂದ ಕೈಯಾರೆ ಮಾಡಿದ್ದಕ್ಕೆಲ್ಲ ಒಂದು ಹಬ್ಬದ ನೆಪವಿತ್ತು. ನೆಪವಿಲ್ಲದೆ ನಾನು ಏನನ್ನೂ ಮಾಡಿದವಳೇ ಅಲ್ಲ.

ನನ್ನ ಪರಿಚಯ ಸ್ವಲ್ಪ ಹೇಳಿಬಿಡುತ್ತೇನೆ. ಎಸ್ಸೆಸ್ಸೆಲ್ಸಿ ಮುಗಿಸಿದವಳು. 2001ರಲ್ಲಿ ಮದುವೆಯಾಗಿ ಮೂಡಲಪಾಳ್ಯಕ್ಕೆ ಬಂದೆ. ಮೂಡಲು ಎಂದರೆ ಪೂರ್ವ, ಆದರೆ ನಮ್ಮ ಮೂಡಲಪಾಳ್ಯ ಇರುವುದು ಬೆಂಗಳೂರಿನ ಪಡುವಲಿಗೆ! ಯಾವ ಊರಿಗೆ ಇದು ಮೂಡಲಾಗಿತ್ತೋ, ನಾಗರಭಾವಿ ಕಡೆಯವರನ್ನೇ ಕೇಳಬೇಕು. ನಮ್ಮ ಬೀದಿಯಲ್ಲಿ ನನಗಿರುವ ಹೆಸರು ‘ರಂಗೋಲಿ ಆಂಟಿ’. ಹದಿನೈದರಿಂದ ಎಂಟಕ್ಕೆ ಸಂದು ಚುಕ್ಕಿ ಎಂದರೆ ಒಟ್ಟು 169 ಚುಕ್ಕಿ. ಅಷ್ಟನ್ನೂ ನಾನು ಅಳತೆಗೋಲಿಲ್ಲದೆ, ಸಾಲು ಡೊಂಕಾಗದಂತೆ ಇಡಬಲ್ಲೆ. ಒಂದು ವರ್ಷ ರಾಜ್ಯೋತ್ಸವಕ್ಕೆ ಬೀದಿಯ ಹುಡುಗರು ಏರ್ಪಡಿಸಿದ್ದ ಸ್ಪರ್ಧೆಯಲ್ಲಿ ಮೊದಲನೆಯ ಬಹುಮಾನ ಬಂತು, ಮೂರು ಅಂತಸ್ತಿನ ಸ್ಟೀಲ್ ಕ್ಯಾರಿಯರ್. ಅದನ್ನು ಅತ್ತೆಯ ಮುಂದಿಟ್ಟೆ. ಮುಚ್ಚಳ ತೆಗೆದು ಒಳಗೆ ನೋಡಿದರು, ಮುಚ್ಚಿದರು. ‘ಬಾಗ್ಲಿಗೆ ಬರಿಯೋದವ್ವ ರಂಗೋಲಿ, ಹಾದೀಲಿ ಹೋಗೋರ್ಗಲ್ಲ’ ಎಂದರು. ಆ ಮಾತು ನನ್ನ ಎದೆಯಲ್ಲಿ ಎಷ್ಟು ವರ್ಷ ಮುಳ್ಳಿನಂತೆ ಕೂತಿತ್ತು ಎಂಬುದು ಸೊಸೆಯಾದವರಿಗೆ ಮಾತ್ರ ಅರ್ಥವಾದೀತು.

ಅವರದ್ದೂ ಒಂದು ರಂಗೋಲಿಯಿತ್ತು. ಒಂದೇ. ಚುಕ್ಕಿ ಇಲ್ಲ, ಬಣ್ಣ ಇಲ್ಲ. ಹೊಸಲಿನ ಮುಂದೆ ಕೂತು, ಎಡಗೈಯನ್ನು ಮೊಣಕಾಲ ಮೇಲಿಟ್ಟು, ಎರಡೆಳೆಯಲ್ಲಿ ಒಂದು ನಡು ಗೆರೆ ಎಳೆದು, ಅದರ ಎರಡೂ ಕಡೆ ಡೊಂಕು ಡೊಂಕಾಗಿ ಐದು ಎಸಳಿನಂಥದ್ದನ್ನು ಬಿಡುತ್ತಿದ್ದರು. ಎಸಳೋ, ಎಲೆಯೋ ಗೊತ್ತಿಲ್ಲ. ಬೀದಿಯಲ್ಲಿ ನನ್ನ ದೊಡ್ಡ ರಂಗೋಲಿ, ಹೊಸಲಿನ ಮುಂದೆ ಅವರ ಚಿಕ್ಕದು. ಹೀಗೆ ಇಬ್ಬರೂ ಗಡಿ ಹಾಕಿಕೊಂಡಿದ್ದೆವು. ಮೊಣಕಾಲು ನೋವು ಜಾಸ್ತಿಯಾಗಿ ಕೂರುವುದಕ್ಕೆ ಆಗದಂತಾದ ಮೇಲೆ, 2024ರ ದೀಪಾವಳಿಯ ಬೆಳಿಗ್ಗೆ, ಕುರ್ಚಿಯಲ್ಲಿ ಕೂತೇ ಕೇಳಿದರು: ‘ನಂದೂ ಒಂದ್ ಹಾಕವ್ವ. ಹೊಸ್ಲು ಬೋಳಾಗೈತೆ.’

‘ಆಯ್ತು ಅತ್ತೆ’ ಎಂದೆ. ಅಂದು ನಾನು ಬೀದಿಗೆ ಇಪ್ಪತ್ತೊಂದು ಚುಕ್ಕಿಯ ದೀಪದ ರಂಗೋಲಿ ಹಾಕುವುದರಲ್ಲಿದ್ದೆ, ಬಣ್ಣ ತುಂಬುವ ಹೊತ್ತಿಗೆ ಒಂಬತ್ತು ಗಂಟೆಯಾಯಿತು. ಹೊಸಲಿನ ಮುಂದೆ ಬೇಗ ಬೇಗ ಒಂದು ಕಮಲ ಬರೆದು ಎದ್ದೆ. ಅವರು ಅದನ್ನು ನೋಡಿದರು. ‘ಚೆನ್ನಾಗೈತೆ’ ಎಂದರು. ಅಷ್ಟೇ. ಮತ್ತೆ ಕೇಳಲಿಲ್ಲ.

ಈಗ ಈ ವರ್ಷವಿಡೀ ಬಣ್ಣ ಹಾಕುವಂತಿಲ್ಲ, ದೊಡ್ಡದು ಬರೆಯುವಂತಿಲ್ಲ. ಹೊಸಲಿಗೆ ಒಂದು ಚಿಕ್ಕದು ಮಾತ್ರ. ಸರಿ, ಅತ್ತೆಯದನ್ನೇ ಹಾಕೋಣ ಎಂದು ಧನುರ್ಮಾಸದ ಒಂದು ಬೆಳಿಗ್ಗೆ ಕೂತೆ. ಕೂತವಳು ಕೂತೇ ಇದ್ದೆ! ಇಪ್ಪತ್ತನಾಲ್ಕು ವರ್ಷ ದಿನಾ ದಾಟಿಕೊಂಡು ಓಡಾಡಿದ ರಂಗೋಲಿ ಕೈಗೆ ಬರಲಿಲ್ಲ. ನಡು ಗೆರೆ ಬಂತು. ಎಸಳು ಎಡಕ್ಕೆ ಮೂರೋ, ಬಲಕ್ಕೆ ಮೂರೋ? ಡೊಂಕು ಒಳಗಡೆಗೋ, ಹೊರಗಡೆಗೋ? ಫೋಟೋ ಹುಡುಕಿದೆ. ಮಗಳ ಮೊಬೈಲಿನಲ್ಲಿ ನನ್ನ ರಂಗೋಲಿಗಳದ್ದು ನೂರಾರು ಚಿತ್ರಗಳಿದ್ದವು. ಅತ್ತೆಯದು ಒಂದೂ ಇರಲಿಲ್ಲ. ಒಂದರಲ್ಲಿ ಮಾತ್ರ ಮೂಲೆಯಲ್ಲಿ ಸ್ವಲ್ಪ ಕಾಣುತ್ತಿತ್ತು, ಅದರ ಮೇಲೆ ಯಾರದೋ ಚಪ್ಪಲಿ.

ಅಂದಿನಿಂದ ಶುರುವಾಯಿತು ನೋಡಿ ನನ್ನ ಈ ಚಳಿಗಾಲ. ದಿನಾ ಬೆಳಿಗ್ಗೆ ಒಂದು ಬರೆಯುವುದು, ಅದಲ್ಲ ಎಂದು ಅನ್ನಿಸುವುದು, ಒಳಗೆ ಹೋಗುವುದು.

ಬರೆಯುವುದು ಬೇಗ ಮುಗಿದುಹೋಗುತ್ತಿದ್ದುದರಿಂದ ಬೆಳಗಿನ ಹೊತ್ತು ನನ್ನ ಕೈಗೆ ಸಿಕ್ಕಿತು. ನಂಬುತ್ತೀರೋ ಇಲ್ಲವೋ, ಇಷ್ಟು ವರ್ಷ ಮಾಘದ ಬೆಳಗನ್ನು ನಾನು ನೋಡಿಯೇ ಇರಲಿಲ್ಲ. ಬಗ್ಗಿಕೊಂಡು ನೆಲವನ್ನು ನೋಡುವವಳಿಗೆ ಆಕಾಶ ಹೇಗೆ ಕಂಡೀತು? ಆರೂವರೆಗೆ ನಮ್ಮ ಬೀದಿಯ ಕೊನೆಯಲ್ಲಿ ಮಂಜು ಇನ್ನೂ ಕೂತಿರುತ್ತದೆ. ಹಾಲಿನ ಹುಡುಗ ಮಫ್ಲರ್ ಸುತ್ತಿಕೊಂಡು ಬರುತ್ತಾನೆ, ಪ್ಯಾಕೆಟ್ಟು ಹಿಡಿದರೆ ಬೆರಳು ಮರಗಟ್ಟುತ್ತದೆ. ನಮ್ಮ ಬೆಂಗಳೂರಿನ ಚಳಿ ಏನು ಮಹಾ ಎಂದು ದೆಹಲಿ ಕಡೆಯವರು ನಗುತ್ತಾರೆ. 1884ರ ಜನವರಿ 13ರಂದು ಇಲ್ಲಿ 7.8 ಡಿಗ್ರಿಗೆ ಇಳಿದಿತ್ತಂತೆ. ಅದೇ ಇವತ್ತಿಗೂ ದಾಖಲೆ. ನಮಗೆ ಅಷ್ಟೇನೂ ಬೇಡ. ಒಂದು ಲೋಟ ಬಿಸಿ ಕಾಫಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುವಷ್ಟು ಚಳಿ ಇದ್ದರೆ ಸಾಕು.

ರಥಸಪ್ತಮಿಯ ದಿನ ಬೆಳಿಗ್ಗೆ ಶಾಲು ಹೊದ್ದು ಬೀದಿಯ ಆ ತುದಿಯಿಂದ ಈ ತುದಿಗೆ ಬರೀ ನೋಡಿಕೊಂಡು ನಡೆದೆ. ಪ್ರತಿ ಬಾಗಿಲಲ್ಲೂ ತೇರು. ಒಬ್ಬರದು ಚಕ್ರ ದೊಡ್ಡದು, ತೇರು ಚಿಕ್ಕದು. ಮೂಲೆಮನೆಯಾಕೆ ಏಳು ಕುದುರೆ ಬರೆಯಲು ಹೊರಟು ಐದಕ್ಕೇ ಚರಂಡಿ ಬಂದುಬಿಟ್ಟಿದೆ, ಉಳಿದೆರಡರ ತಲೆ ಮಾತ್ರ ಹಿಂದಿನಿಂದ ಇಣುಕುತ್ತಿವೆ! ಎಷ್ಟು ಚೆನ್ನಾಗಿತ್ತು ಅಂತೀರಿ. ನಾನಾಗಿದ್ದರೆ ಅಳಿಸಿ ಮತ್ತೆ ಬರೆಯುತ್ತಿದ್ದೆ. ಹಿಂದಿನ ವರ್ಷಗಳಲ್ಲಿ ಇದೇ ಬೀದಿಯನ್ನು ನಾನು ಮೇಷ್ಟರು ಉತ್ತರಪತ್ರಿಕೆ ನೋಡುವಂತೆ ನೋಡಿದ್ದೇನೆ. ಯಾರದು ನನ್ನದಕ್ಕಿಂತ ಚೆನ್ನಾಗಿದೆ, ಯಾರು ಪುಸ್ತಕ ನೋಡಿ ಬರೆದರು, ಯಾರು ಅಚ್ಚಿನ ಜರಡಿ ಉಪಯೋಗಿಸಿದರು ಎಂದೆಲ್ಲ. ಈ ಸಲ ಸ್ಪರ್ಧೆಯಲ್ಲಿ ನಾನಿರಲಿಲ್ಲವಲ್ಲ, ಹೊಟ್ಟೆಕಿಚ್ಚಿಗೂ ರಜೆ.

ಆಮೇಲೆ ಹೊಂಗೆ ಎಲೆ. ನಮ್ಮ ಮನೆ ಮುಂದೆ ಒಂದು ಹೊಂಗೆ ಮರವಿದೆ. ಚಳಿ ಮುಗಿಯುವ ಹೊತ್ತಿಗೆ ಅದಕ್ಕೆ ಎಲೆ ಉದುರಿಸುವ ಹುಚ್ಚು. ಗುಡಿಸಿ ಬೆನ್ನು ತಿರುಗಿಸುವಷ್ಟರಲ್ಲಿ ಮತ್ತೆ ಅಂಗಳ ತುಂಬ. ಬೀದಿ ಗುಡಿಸಲು ಬರುವ ಪೌರಕಾರ್ಮಿಕರಾಕೆ ಆ ಮರಕ್ಕೆ ದಿನಾ ಒಂದು ಬೈಗುಳ ಸಲ್ಲಿಸಿಯೇ ಮುಂದೆ ಹೋಗುವುದು. ಒಂದು ದಿನ ಗುಡಿಸುತ್ತ ಒಂದೆಲೆ ಕೈಗೆತ್ತಿಕೊಂಡೆ. ಯಾವುದೋ ಹುಳ ಎಲೆಯ ಪದರದೊಳಗೆ ತಿಂದುಕೊಂಡು ಹೋದ ಬಿಳಿ ಗುರುತು; ನೋಡಿದರೆ ನುಣ್ಣನೆಯ ರಂಗೋಲಿ ಪುಡಿಯಲ್ಲಿ ಎಳೆದ ಹಾಗೆ, ಎಲ್ಲೂ ಕೈ ಎತ್ತದೆ. ಎಲೆಗೆ ರೋಗ, ನನಗೆ ಚಿತ್ರ! ಒಳಗೆ ತಂದು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಇಟ್ಟೆ. ಮಾರನೆಯ ದಿನ ಇನ್ನೊಂದು. ಹೀಗೆ ಆ ಪುಸ್ತಕ ದಪ್ಪವಾಗುತ್ತ ಬಂದಿದೆ. ‘ಕಸಾನೂ ಜೋಡಿಸಿಡೋಕೆ ಶುರು ಮಾಡಿದ್ಯಲ್ಲ’ ಎಂದು ನಮ್ಮ ಯಜಮಾನರ ನಗು.

ಚಂದ್ರಾ ಬಡಾವಣೆಯ ಕಡೆ ತರಕಾರಿಗೆ ಹೋಗುವಾಗ ದಾರಿಯಲ್ಲಿ ಒಂದು ಗುಲಾಬಿ ಬಣ್ಣದ ಮರವಿದೆ. ಟಬೂಬಿಯಾ ಎಂದು ಹೆಸರು ಹೇಳಿಕೊಟ್ಟವಳು ಮಗಳು. ಮಧ್ಯ ಅಮೆರಿಕದ ಮರವಂತೆ. ಎಲೆಯೆಲ್ಲ ಉದುರಿಸಿಕೊಂಡು ಬರೀ ಹೂವಾಗಿ ನಿಂತುಬಿಡುತ್ತದೆ. ಮದುವೆ ಹುಡುಗಿ ಸೀರೆಗಿಂತ ಮೊದಲು ಒಡವೆ ಹಾಕಿಕೊಂಡ ಹಾಗೆ. ಇದೆಲ್ಲ ತಾನಾಗಿ ಬೆಳೆದದ್ದಲ್ಲ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ತೋಟಗಾರ ಕೃಂಬಿಗಲ್ ಅವರು, ಒಂದು ಜಾತಿಯ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳಿ ವರ್ಷವಿಡೀ ಊರಿನಲ್ಲಿ ಹೂವಿರಬೇಕು ಎಂದು ಲೆಕ್ಕ ಹಾಕಿ ಮರಗಳನ್ನು ಆರಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ನಮ್ಮ ಬಡಾವಣೆಗಳ ರಸ್ತೆಗಳಲ್ಲಿ ಲಕ್ಷಾಂತರ ಸಸಿ ನೆಡಿಸಿದರು. ಅವರು 2021ರಲ್ಲಿ ತೀರಿಕೊಂಡರು. ಯಾರು ನೆಟ್ಟರು ಎಂದು ತಿಳಿಯದೆ ನಾವು ಕೆಳಗೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತೇವೆ.

ಆ ಮರದ ಕೆಳಗೆ ಬಿದ್ದ ಹೂವೊಂದನ್ನು ತಂದು ಮೇಜಿನ ಮೇಲೆ ಮಗುಚಿಟ್ಟು ನೋಡಿದೆ. ಅಂಚು ಸುಕ್ಕು ಸುಕ್ಕಾದ ಐದು ಎಸಳು. ರಂಗೋಲಿಗೆ ತರೋಣವೆಂದು ಚುಕ್ಕಿ ಇಟ್ಟೆ. ನೇರ ಚುಕ್ಕಿಯಲ್ಲಿ ನಾಲ್ಕು ಎಸಳು ಬರುತ್ತದೆ, ಎಂಟು ಬರುತ್ತದೆ. ಸಂದು ಚುಕ್ಕಿಯಲ್ಲಿ ಮೂರು, ಆರು. ಐದು ಮಾತ್ರ ಏನು ಮಾಡಿದರೂ ಕೂರಲಿಲ್ಲ. ಮೂರು ಹಾಳೆ ಹಾಳಾಯಿತು. ಮಗಳು ಬಂದು ನೋಡಿ, ‘ಅಮ್ಮ, ಅದು ಲೆಕ್ಕ. ಬದಿ, ಮೂಲೆ ಎಲ್ಲ ಸಮವಾಗಿರೋ ಐದು ಮೂಲೆಯ ಹೆಂಚನ್ನ ಸಂದಿ ಬಿಡದ ಹಾಗೆ ಜೋಡ್ಸೋಕಾಗಲ್ಲ. ನಿನ್ ಚುಕ್ಕಿಗೂ ಅದೇ ರೂಲು’ ಎಂದಳು. ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಇಷ್ಟು ವರ್ಷ ಚುಕ್ಕಿ ಇಟ್ಟವಳು ನಾನು, ಕಾರಣ ಗೊತ್ತಿದ್ದದ್ದು ಅವಳಿಗೆ. ದಾಸವಾಳ, ದತ್ತೂರಿ, ಟಬೂಬಿಯಾ, ನಮ್ಮ ಕಣ್ಣ ಮುಂದಿನ ಎಷ್ಟು ಹೂವು ಐದೆಸಳಿನವು! ಅವನ್ನೆಲ್ಲ ಚುಕ್ಕಿಯ ಆಸರೆ ಬಿಟ್ಟು, ಬರೀ ಕೈಯಲ್ಲೇ ಬರೆಯಬೇಕು.

ಆಗಲೇ ಅತ್ತೆಯ ರಂಗೋಲಿ ನೆನಪಾದದ್ದು. ಅದರಲ್ಲೂ ಐದೇ, ಅದಕ್ಕೂ ಚುಕ್ಕಿ ಇರಲಿಲ್ಲ. ‘ಅತ್ತೆಗೆ ಚುಕ್ಕಿ ಇಡೋಕೆ ಬರಲ್ಲ, ಪಾಪ’ ಎಂದು ನಾನು ನನ್ನ ತಂಗಿಯ ಹತ್ತಿರ ಎಷ್ಟು ಸಲ ಹೇಳಿದ್ದೆನೋ.

ಇನ್ನು ಅವರೆಕಾಯಿಯ ವಿಚಾರಕ್ಕೆ ಬರುತ್ತೇನೆ. ಚಳಿಗಾಲದ ಮಾತು ಬರೆದು ಅವರೆಕಾಯಿ ಬಿಟ್ಟರೆ ಓದುಗರು ನನ್ನನ್ನು ಕ್ಷಮಿಸುವುದಿಲ್ಲ. ನಮ್ಮತ್ತೆಯ ತವರು ಮಾಗಡಿ ಕಡೆ. ಅವರು ಮೂಡಲಪಾಳ್ಯಕ್ಕೆ ಸೊಸೆಯಾಗಿ ಬಂದಾಗ ಈಗಿನ ನಮ್ಮ ಬೀದಿಯೇ ರಾಗಿ ಹೊಲವಾಗಿತ್ತಂತೆ. ರಾಗಿಯ ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಬೆಳಗಿನ ಮಂಜಿನಲ್ಲಿ ಅದರ ಸೊಗಡು ಮನೆಯೊಳಗೆ ಬರುತ್ತಿತ್ತು ಎಂದು ಹೇಳುತ್ತಿದ್ದರು. ಈಗ ಅದೇ ಜಾಗದಲ್ಲಿ ನಾಲ್ಕು ಅಂತಸ್ತಿನ ಮನೆಗಳು, ಅಲ್ಲಿಂದ ಹೊರಟರೆ ಅತ್ತಿಗುಪ್ಪೆಯ ಮೆಟ್ರೊ. ಸೊಗಡು ಬರುವುದು ತಳ್ಳುಗಾಡಿಯವನು ಬಂದಾಗ ಮಾತ್ರ.

ಅತ್ತೆಗೆ ಅವರೆಕಾಯಿಯಲ್ಲಿ ಭಾರಿ ಕಟ್ಟುನಿಟ್ಟು. ಕಾಯಿ ಮೂಸಿ ನೋಡಿಯೇ ಕೊಳ್ಳುವುದು. ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದವರು ಹೊರತಂದ ತಳಿಗಳು ಈಗ ವರ್ಷವಿಡೀ ಕಾಯಿ ಬಿಡುತ್ತವೆ. ಮಳೆಗಾಲದಲ್ಲೂ ಅವರೆಕಾಯಿ ಸಿಗುತ್ತದೆ. ಹಳೆಯ ನಾಟಿ ಅವರೆ ಹಾಗಲ್ಲ, ಹಗಲು ಕಿರಿದಾದ ಮೇಲೇ ಅದು ಹೂ ಬಿಡುವುದು. ಆಷಾಢದಲ್ಲಿ ನಾನು ತಂದ ಅವರೆಕಾಯಿಯನ್ನು ಅತ್ತೆ ಮೂಸಿ, ‘ಇದ್ಕೆ ಚಳೀನೇ ತಾಕಿಲ್ಲ’ ಎಂದು ಪಕ್ಕಕ್ಕೆ ಇಟ್ಟಿದ್ದರು. ಆಗ ಸಿಟ್ಟು ಬಂದಿತ್ತು. ಮಾತು ಮಾತ್ರ ಸರಿಯೇ.

ಶಿವರಾತ್ರಿಗೆ ಒಂದು ವಾರ ಮುಂಚೆ ಈ ಸಲದ ಕೊನೆಯ ಅವರೆಕಾಯಿ ಎಂದು ಎರಡು ಕೆ.ಜಿ. ತಂದೆ. ಕೊನೆಯ ಕಾಯಿಯಲ್ಲಿ ಹುಳ ಜಾಸ್ತಿ, ಸೊಗಡು ಕಡಿಮೆ, ಆದರೂ ಬಿಡಲಾಗುತ್ತದೆಯೆ? ರಾತ್ರಿ ಕಾಳು ನೆನೆಹಾಕಿ ಬೆಳಿಗ್ಗೆ ಮೂವರೂ ಹಿಚುಕಲು ಕೂತೆವು. ಹಿಚುಕುವುದರಲ್ಲೊಂದು ಮಕ್ಕಳಾಟದ ಸುಖವಿದೆ. ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಕಾಳು ಪಿಚಕ್ಕನೆ ಹಾರಿ ನಮ್ಮ ಯಜಮಾನರ ಕನ್ನಡಕಕ್ಕೆ! ಸಾರಿಗೆ ನಾನು ಹೆಚ್ಚೇನೂ ಹಾಕುವುದಿಲ್ಲ. ಒಂದು ಹೋಳು ತೆಂಗಿನತುರಿ, ಒಂದು ಗೆಡ್ಡೆ ಬೆಳ್ಳುಳ್ಳಿ, ಒಂದು ಈರುಳ್ಳಿ, ಚೂರು ಶುಂಠಿ, ಎರಡು ಚಮಚ ಧನಿಯ, ಚೂರು ಚಕ್ಕೆ, ಎರಡು ಲವಂಗ, ಖಾರಕ್ಕೆ ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು. ಇಷ್ಟನ್ನೂ ರುಬ್ಬಿ, ಬೆಂದ ಬೇಳೆಗೆ ಸೇರಿಸಿ ಕುದಿಸುವುದು. ಬೇಳೆ ಒಡೆಯದ ಹಾಗೆ ಬೇಯಬೇಕು, ಕುಕ್ಕರಿಗೆ ಹಾಕಿ ಕೂಗಿಸಿದರೆ ಗಂಜಿಯಾಗುತ್ತದೆ. ಜೊತೆಗೆ ಬಿಸಿ ರಾಗಿಮುದ್ದೆ. ಬೇರೆ ಏನೂ ಬೇಡ.

ನಾನು ಹೇಳಹೊರಟದ್ದು ಸಾರಿನ ಮಾತಲ್ಲ. ಅದರ ಹಿಂದಿನ ಸಾಯಂಕಾಲ ಕಾಯಿ ಬಿಡಿಸುವಾಗ ನಡೆದದ್ದು. ಮೊರದ ತುಂಬ ಕಾಯಿ ಸುರಿದುಕೊಂಡು ಮಹಡಿ ಮೆಟ್ಟಿಲ ಮೇಲೆ ಕೂತಿದ್ದೆ. ಇಳಿಬಿಸಿಲು ಬೆನ್ನಿಗೆ ಹಿತವಾಗಿತ್ತು. ತೊಟ್ಟಿನ ಜೊತೆಗೇ ಕಿತ್ತ ಒಂದು ಗೊಂಚಲು ಕಾಯಿಗಳ ನಡುವೆ ಸಿಕ್ಕಿತು. ನಡುವೆ ನೆಟ್ಟಗೆ ಒಂದು ಕಡ್ಡಿ, ಅದರ ಎಡಕ್ಕೆ ಮೂರು ಕಾಯಿ, ಬಲಕ್ಕೆ ಎರಡು. ಒಂದೊಂದು ಕಾಯಿಯೂ ಹೊಟ್ಟೆ ಉಬ್ಬಿ, ತುದಿಗೆ ಗಿಳಿಯ ಕೊಕ್ಕಿನ ಹಾಗೆ ಬಾಗಿ. ನಾನು ಅದನ್ನು ಬಿಡಿಸಲಿಲ್ಲ. ಮೊರವನ್ನು ಅಲ್ಲೇ ಇಟ್ಟು ಒಳಗೆ ಓಡಿ ರಂಗೋಲಿ ಡಬ್ಬಿ ತಂದೆ. ಸಂಜೆ ಹೊತ್ತು, ದೀಪ ಹಚ್ಚುವ ಸಮಯ, ಆ ಹೊತ್ತಿನಲ್ಲಿ ರಂಗೋಲಿ ಬರೆದವಳಲ್ಲ ನಾನು. ಮೆಟ್ಟಿಲ ಮೇಲೇ ಬರೆದೆ. ನಡು ಗೆರೆ, ಎಡಕ್ಕೆ ಮೂರು, ಬಲಕ್ಕೆ ಎರಡು, ಡೊಂಕು ಒಳಗಡೆಗೆ.

ಅದೇ! ನನ್ನ ಕಣ್ಣು ಒಪ್ಪಿಕೊಂಡುಬಿಟ್ಟಿತು. ಎಸಳಲ್ಲ, ಎಲೆಯಲ್ಲ. ಅವರೆಕಾಯಿ ಗೊಂಚಲು.

ನಮ್ಮ ಯಜಮಾನರು ಕೆಲಸದಿಂದ ಬಂದವರನ್ನು ಚಪ್ಪಲಿ ಬಿಡುವುದಕ್ಕೂ ಬಿಡದೆ ಮೆಟ್ಟಿಲ ಹತ್ತಿರ ಎಳೆದುಕೊಂಡು ಹೋದೆ. ‘ರೀ, ಇದು ನೋಡಿ, ಅತ್ತೆ ಬರೀತಿದ್ದದ್ದು ಅವರೆಕಾಯಿ.’ ಅವರು ಬಗ್ಗಿ ನೋಡಿ, ‘ಹೌದಾ? ನಾನದನ್ನ ಮಾವಿನಕಾಯಿ ಅಂದ್ಕೊಂಡಿದ್ದೆ, ಚಿಕ್ಕೋನಿದ್ದಾಗ್ಲಿಂದ’ ಎಂದರು. ಮಾಗಡಿಯಲ್ಲಿರುವ ನಾದಿನಿಗೆ ಫೋನು ಮಾಡಿದೆ. ‘ಏ ಹೋಗಿ ಅತ್ತಿಗೆ, ಅದು ನಾಗಪ್ಪನ ಹೆಡೆ. ಐದು ಹೆಡೆ. ಅವ್ವನಿಗೆ ನಾಗರಪಂಚಮಿ ಅಂದ್ರೆ ಎಷ್ಟು ಭಕ್ತಿ ಇತ್ತು ಗೊತ್ತಲ್ಲ’ ಎಂದಳು. ಅವಳಿಗಾದರೂ ಅತ್ತೆ ಹೇಳಿದ್ದರೆ? ‘ಹೇಳೋದೇನು, ನಾನು ಕೇಳಿರ್ಲಿಲ್ಲ.’

ನೋಡಿ, ಒಬ್ಬರ ಹೊಟ್ಟೆಯಲ್ಲಿ ಹುಟ್ಟಿದವರು ಇಬ್ಬರು, ಮನೆಗೆ ಬಂದವಳು ಒಬ್ಬಳು. ದಿನಾ ಹೊಸಲು ದಾಟಿದೆವು. ಒಬ್ಬರಿಗೆ ಮಾವು, ಒಬ್ಬರಿಗೆ ಹೆಡೆ, ನನಗೆ ಚುಕ್ಕಿ ಬಾರದವರ ಎಸಳು. ‘ಅದೇನತ್ತೆ ನೀವು ಬರಿಯೋದು?’ ಎಂದು ಒಂದು ಸಲ, ಒಂದೇ ಒಂದು ಸಲ, ನಾನು ಕೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರೋ ಏನೋ. ‘ಏನೋ ಒಂದವ್ವ, ನಮ್ಮವ್ವ ಬರೀತಿತ್ತು’ ಎಂದು ಎದ್ದುಹೋಗುತ್ತಿದ್ದರೋ. ಅಂದು ರಾತ್ರಿ ಅವರೆಕಾಳಿನ ಪಾತ್ರೆಗೆ ನೀರು ಹುಯ್ಯುತ್ತ ಸ್ವಲ್ಪ ಹೊತ್ತು ಅತ್ತೆ. ಹೋದ ದಿನ ಅಷ್ಟು ಜನರ ಮಧ್ಯೆ ಅತ್ತದ್ದು ಬೇರೆ, ಇದು ಬೇರೆ. ಅಂಗೈಯಲ್ಲಿ ಸೊಗಡು ಅಂಟಿಕೊಂಡಿತ್ತು, ಕಣ್ಣೊರೆಸಿಕೊಳ್ಳುವುದಕ್ಕೂ ಆಗಲಿಲ್ಲ.

ಶಿವರಾತ್ರಿಗೆ ಚಳಿ ‘ಶಿವ ಶಿವ’ ಎಂದು ಓಡಿಹೋಗುತ್ತದೆ ಅಂತಾರೆ. ಈ ಸಲವೂ ಹಾಗೇ ಆಯಿತು. ಶಾಲು ಒಗೆದು ಮಡಿಸಿಟ್ಟೆ. ಮಹಡಿ ಮೇಲೆ ಎದುರು ಮನೆಯವರ ಸಂಡಿಗೆ ಒಣಗುತ್ತಿದೆ, ಕಾಗೆಗೆ ಹೆದರಿಸಲು ಕಪ್ಪು ಕೊಡೆ ಬಿಚ್ಚಿಟ್ಟಿದ್ದಾರೆ. ಹೊಸ ಹುಣಸೆಹಣ್ಣು ಬಂದಿದೆ. ಹೊಂಗೆ ಮರದಲ್ಲಿ ಚಿಗುರು ಬಂದು ಎಲೆ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿದೆ. ಗುಡಿಸುವಾಕೆಯ ಬೈಗುಳಕ್ಕೆ ಈಗ ಆಸ್ಪದವಿಲ್ಲ.

ಮುಂದಿನ ವಾರ ಅತ್ತೆಯ ವರ್ಷದ ತಿಥಿ. ಅದಾದ ಮೇಲೆ ಯುಗಾದಿ, ಬಣ್ಣ ಹಾಕಬಹುದು. ‘ಅಮ್ಮ, ಯುಗಾದಿಗೆ ಯಾವ್ದು ಹಾಕ್ತೀಯ? ಇಪ್ಪತ್ತೊಂದು ಚುಕ್ಕೀದಾ?’ ಎಂದು ಮಗಳು ಆಗಲೇ ಶುರುಮಾಡಿದ್ದಾಳೆ. ಹಾಕುತ್ತೇನೆ, ಬಿಡುವವಳಲ್ಲ. ಐದೆಸಳಿನ ಟಬೂಬಿಯಾವನ್ನು ಬರೀ ಕೈಯಲ್ಲಿ ಬರೆಯುವ ಅಭ್ಯಾಸವನ್ನು ಅಡಿಗೆಮನೆ ಕಟ್ಟೆಯ ಮೇಲೆ ಚೆಲ್ಲಿದ ರಾಗಿ ಹಿಟ್ಟಿನಲ್ಲಿ ಮಾಡುತ್ತಿದ್ದೇನೆ. ಹೊಂಗೆ ಎಲೆಯ ಹುಳದ ಗೆರೆಯೂ ಅದರ ಸುತ್ತ ಬಂದೀತು. ಅದು ಬೀದಿಗೆ. ಹೊಸಲಿಗೆ ಯಾವುದು ಎಂದು ಅವಳು ಕೇಳಲಿಲ್ಲ, ಅವಳಿಗೇ ಗೊತ್ತು.

ನಿನ್ನೆ ಬೆಳಿಗ್ಗೆ ಹೊಸಲಿನ ಮುಂದೆ ಬರೆದು ಮುಗಿಸುವಷ್ಟರಲ್ಲಿ ಹೂ ಮಾರುವಾಕೆ ಬಂದರು. ನಾನು ಈ ಮನೆಗೆ ಬರುವುದಕ್ಕಿಂತ ಮುಂಚಿನಿಂದ ಈ ಬಾಗಿಲಿಗೆ ಹೂ ತಂದವರು. ಬುಟ್ಟಿ ಸೊಂಟದಲ್ಲಿಟ್ಟುಕೊಂಡು ನಿಂತರು.

‘ಅಜ್ಜಿ ರಂಗೋಲಿ ಅಲ್ವ್ರವ್ವ ಇದು?’

‘ಹೌದು’ ಎಂದೆ. ಎದೆ ಡವಡವ.

‘ತೊಟ್ಟು ಬಾಗ್ಲು ಕಡೆಗಿರ್ಬೇಕು. ನೀವು ತಿರುಗ್ಸಿ ಬಿಟ್ಟಿದ್ದೀರ’ ಎಂದು ಗಲ್ಲ ಮುಂದೆ ಮಾಡಿ ತೋರಿಸಿದರು. ಒಂದು ಮೊಳ ಕನಕಾಂಬರ ಅಳೆದುಕೊಟ್ಟು, ಮುಂದಿನ ಮನೆಗೆ ಹೋದರು.

ಒದ್ದೆ ಬಟ್ಟೆ ತಂದು ಒರೆಸಿದೆ. ನೆಲ ಆರುವವರೆಗೆ ಕಾದೆ. ತೊಟ್ಟು ಬಾಗಿಲ ಕಡೆಗೆ ಮಾಡಿ ಮತ್ತೆ ಬರೆಯುತ್ತ ಕೂತವಳಿಗೆ ಒಳಗೆ ಒಲೆಯ ಮೇಲೆ ಹಾಲಿಟ್ಟದ್ದು ಮರೆತೇ ಹೋಗಿತ್ತು. ನಾಲ್ಕನೆಯ ಕಾಯಿಗೆ ಬರುವಷ್ಟರಲ್ಲಿ ವಾಸನೆ ಬಂತು. ‘ಏಯ್, ಹಾಲು!’ ಎಂದು ನಮ್ಮ ಯಜಮಾನರು ಕೂಗಿದರು. ‘ನೀವೇ ಆರಿಸ್ರೀ’ ಎಂದು ಕೂತಲ್ಲಿಂದಲೇ ಹೇಳಿ ಐದನೆಯದನ್ನು ಬರೆದೆ.